ಕಪ್ಪಾದ ಗೆಣ್ಣುಗಳು, ನಿಲ್ಲಿಸಿದ ಮಾತ್ರೆಗಳು: ಒಂದು ಪ್ರಕರಣ ಅಧ್ಯಯನ

ರೋಗಿ ಮತ್ತು ಅವರ ಮಗಳ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಹತ್ತದಿರಲೆಂದು ಊರು, ವಯಸ್ಸು, ಮನೆಯವರ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕಾಯಿಲೆ ಸಾಗಿದ ದಾರಿಯನ್ನು ಬದಲಿಸಿಲ್ಲ.

ಹಿನ್ನೆಲೆ

ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರ. ಐವತ್ತು ದಾಟಿದ ಹೆಂಗಸು, ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸ್ ಹೊಲಿಯುವ ಕೆಲಸ. ಗಂಡ ತೀರಿಕೊಂಡಿದ್ದಾರೆ. ಮಗ ಬೆಂಗಳೂರಿನಲ್ಲಿದ್ದಾನೆ, ಮದುವೆಯಾದ ಮಗಳು ಅದೇ ಊರಿನ ಇನ್ನೊಂದು ಬೀದಿಯಲ್ಲಿದ್ದಾಳೆ. ಮೊಟ್ಟೆಯೂ ಒಳಗೆ ಬಾರದ ಮನೆ. ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ, ಆರು ವರ್ಷಗಳಿಂದ ಬಿಪಿ. ಮಾತ್ರೆ ನುಂಗುವುದರಲ್ಲಿ ಬಹಳ ಶಿಸ್ತಿನವರು, ಒಂದು ಹೊತ್ತೂ ತಪ್ಪಿಸಿದವರಲ್ಲ. ಹಾಗಾಗಿಯೇ ಮುಂದೆ ಎಲ್ಲವನ್ನೂ ಒಮ್ಮೆಗೇ ನಿಲ್ಲಿಸಿದಾಗ ಅದರ ಪೆಟ್ಟು ಜೋರಾಗಿಯೇ ಬಿತ್ತು.

ನಮ್ಮಲ್ಲಿಗೆ ಬರುವ ಹೊತ್ತಿಗೆ ತೊಂದರೆ ಶುರುವಾಗಿ ವರ್ಷದ ಮೇಲಾಗಿತ್ತು. ಮೊದಲು ಬೆರಳಿನ ಗೆಣ್ಣುಗಳು ಕಪ್ಪಾದವು. ಆಮೇಲೆ ಉಗುರಿನ ಬುಡ, ಅಂಗೈ ಗೆರೆಗಳು. ಹೊಲಿಗೆಯವರ ಕೈಯನ್ನು ಎಲ್ಲರೂ ನೋಡುತ್ತಾರೆ. ಅಳತೆ ತೆಗೆಸಿಕೊಳ್ಳಲು ಬಂದವರು "ಏನಕ್ಕಾ, ಕೈಗೇನಾಯ್ತು?" ಎಂದು ಕೇಳತೊಡಗಿದರು. ಅರಿಶಿನ-ಕುಂಕುಮಕ್ಕೆ ಕರೆದರೆ ಹೋಗುವುದನ್ನೇ ಬಿಟ್ಟರು.

ಮನೆಯವರು ಹುಡುಕಿದ ಕಾರಣಗಳು

ಮೊದಲ ಗುಮಾನಿ ಪಾತ್ರೆ ತೊಳೆಯುವ ಸೋಪಿನ ಮೇಲೆ. ಸೋಪು ಬದಲಾಯಿತು, ಕೈಗವಸು ಬಂತು, ಕಡಲೆಹಿಟ್ಟು-ನಿಂಬೆರಸದ ಉಜ್ಜಾಟವೂ ನಡೆಯಿತು. ಉಜ್ಜಿದಷ್ಟೂ ಗೆಣ್ಣು ಇನ್ನಷ್ಟು ಕಪ್ಪಾಯಿತು. ಅದರಲ್ಲಿ ಆಶ್ಚರ್ಯವಿಲ್ಲ, ನಮ್ಮ ಚರ್ಮಕ್ಕೆ ಒಂದೇ ಕಡೆ ತಿಕ್ಕಾಟ ಬಿದ್ದರೆ ಬಣ್ಣ ಏರುವುದೇ ಹೆಚ್ಚು.

ನಂತರ ಮೆಡಿಕಲ್ ಶಾಪಿನಿಂದ ಒಂದು ಕ್ರೀಮು ಬಂತು. ಚೀಟಿ ಇಲ್ಲದೆ ಕೊಟ್ಟದ್ದು. ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಮೂರೂ ಸೇರಿದ, 'ಬೆಳ್ಳಗಾಗುವ ಕ್ರೀಮ್' ಎಂದೇ ಊರೂರಿನಲ್ಲಿ ಬಿಕರಿಯಾಗುವ ಮಿಶ್ರಣ. ಇದರಲ್ಲಿರುವ ಮೊಮೆಟಾಸೋನ್ ಸ್ಟೀರಾಯ್ಡ್. ಹಚ್ಚುವ ಸ್ಟೀರಾಯ್ಡುಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ, ಅಂದರೆ ವೈದ್ಯರ ಚೀಟಿ ಇಲ್ಲದೆ ಅವನ್ನು ಮಾರುವಂತಿಲ್ಲ. ನಿಯಮ ಕಾಗದದಲ್ಲಿದೆ, ಕ್ರೀಮು ಕೌಂಟರಿನಲ್ಲಿದೆ. ಈ ತಾಯಿ ಅದನ್ನು ಕೈಗೆ ಹಚ್ಚಿದರು, ಮುಖಕ್ಕೂ ಹಚ್ಚಿದರು. ಮುಖ ಮೊದಲು ಹೊಳೆಯಿತು. ಆಮೇಲೆ ಕೆನ್ನೆ ಕೆಂಪಾಯಿತು, ಸಣ್ಣ ರಕ್ತನಾಳಗಳು ಕಾಣಿಸಿಕೊಂಡವು, ಬಿಸಿಲಿಗೆ ಹೋದರೆ ಉರಿ. ಇದ್ದ ಒಂದು ತೊಂದರೆಗೆ ಇನ್ನೊಂದು ಜೊತೆಯಾಯಿತು.

ಈ ನಡುವೆ ಕಾಲು ಜೋಮು ಹಿಡಿಯತೊಡಗಿತ್ತು. ಶುಗರ್ ಇದ್ದವರಿಗೆ ಇದು ಇದ್ದದ್ದೇ ಎಂದು ಯಾರೋ ಹೇಳಿದ್ದರಿಂದ ಅದನ್ನು ಬೇರೆ ತೊಂದರೆಯೆಂದು ಯಾರೂ ಎಣಿಸಲಿಲ್ಲ. ಆದರೆ ಪಕ್ಕದ ಮನೆಯವರೊಬ್ಬರು ಎರಡನ್ನೂ ಕೂಡಿಸಿದರು: ಚರ್ಮದ ಬಣ್ಣ ಬದಲಾಗಿದೆ, ಕಾಲಿಗೆ ಸ್ಪರ್ಶ ಕಡಿಮೆ, ಹಾಗಿದ್ದರೆ ಕುಷ್ಠವೇ ಇರಬೇಕು. ಈ ಮಾತು ಬೀದಿಯಲ್ಲಿ ಹರಿದಾಡಿತು. ಹೊಲಿಗೆಗೆ ಬರುವವರು ಕಡಿಮೆಯಾದರು. ಕುಷ್ಠ ಇಂದು ಉಚಿತ ಮಾತ್ರೆಗಳಿಂದ ಪೂರ್ತಿ ಗುಣವಾಗುವ ಕಾಯಿಲೆ, ಅದಕ್ಕೆ ಹೆದರಿ ಮನುಷ್ಯರನ್ನು ದೂರ ಇಡುವುದು ಯಾವ ಕಾಲಕ್ಕೂ ಸರಿಯಲ್ಲ. ಈಕೆಗೆ ಆ ಕಾಯಿಲೆಯೇ ಇರಲಿಲ್ಲ. ಆದರೂ ಅದರ ನೋವನ್ನು ಉಣ್ಣಬೇಕಾಯಿತು.

ಕೊನೆಗೆ ಗುಮಾನಿ ಮಾತ್ರೆಗಳತ್ತ ತಿರುಗಿತು. ಮಗ ಮೊಬೈಲಿನಲ್ಲಿ ಹುಡುಕಿದ. ಅಮ್ಮ ನುಂಗುವ ಬಿಪಿ ಮಾತ್ರೆಯಲ್ಲಿ ಹೈಡ್ರೊಕ್ಲೊರೊಥಯಜೈಡ್ ಇದೆ, ಅದು ಬಿಸಿಲಿಗೆ ಚರ್ಮ ಕಪ್ಪಾಗಿಸಬಹುದು ಎಂದು ಓದಿದ. ಅದು ನಿಜ. ಸಕ್ಕರೆಗೆ ನುಂಗುವ ಮೆಟ್‌ಫಾರ್ಮಿನ್ ಕಿಡ್ನಿ ಹಾಳು ಮಾಡುತ್ತದೆ ಎಂಬ ವಾಟ್ಸಾಪ್ ಸಂದೇಶವೂ ಸಿಕ್ಕಿತು. ಅದು ಸುಳ್ಳು. ಕಿಡ್ನಿ ಮೊದಲೇ ಬಹಳ ಕೆಟ್ಟಿದ್ದರೆ ಮೆಟ್‌ಫಾರ್ಮಿನ್ ಕೊಡಬಾರದು ಎನ್ನುವುದು ತಿರುಚಿಕೊಂಡು ಹೀಗೆ ಹಬ್ಬಿದೆ. ನಿಜ, ಸುಳ್ಳು ಎರಡೂ ಸೇರಿ ಒಂದು ತೀರ್ಮಾನವಾಯಿತು: ಎಲ್ಲಾ ಮಾತ್ರೆ ನಿಲ್ಲಿಸುವುದು.

ಮೊದಲ ತಿರುವು: ನಿಲ್ಲಿಸಿದ ಮೇಲೆ

ಮೂರು ವಾರ ಕಳೆಯಿತು. ಗೆಣ್ಣಿನ ಬಣ್ಣ ಒಂದಿಷ್ಟೂ ಕದಲಲಿಲ್ಲ. ಒಂದು ಬೆಳಿಗ್ಗೆ ತಲೆ ಸುತ್ತಿ, ಮಷಿನ್ ಹಿಡಿದು ಕುಳಿತವರನ್ನು ಮಗಳು ಆಟೋದಲ್ಲಿ ಕರೆತಂದಳು. ಬಿಪಿ 184/106, ಸಕ್ಕರೆ 338. ಅದೃಷ್ಟಕ್ಕೆ, ಸಕ್ಕರೆ ಅಪಾಯದ ಮಟ್ಟಕ್ಕೆ ಕೆಟ್ಟಾಗ ಮೂತ್ರದಲ್ಲಿ ಕಾಣುವ ಕೀಟೋನ್ ಇರಲಿಲ್ಲ, ಪಾರ್ಶ್ವವಾಯುವಿನ ಲಕ್ಷಣವೂ ಇರಲಿಲ್ಲ.

ಬಣ್ಣ ಹೋಗದ್ದಕ್ಕೂ ಮನೆಯವರ ಬಳಿ ವಿವರಣೆಯಿತ್ತು: "ಮಾತ್ರೆ ವಿಷ ಇನ್ನೂ ರಕ್ತದಲ್ಲೇ ಇದೆ, ಅದಕ್ಕೇ ಹೋಗಿಲ್ಲ." ಈ ಮಾತನ್ನು ತಳ್ಳಿಹಾಕುವುದು ಸುಲಭ, ಆದರೆ ಅದರಲ್ಲೊಂದು ತರ್ಕವಿದೆ. ಔಷಧದಿಂದ ಬಂದ ಬಣ್ಣ ಔಷಧ ನಿಲ್ಲಿಸಿದೊಡನೆ ಹೋಗುವುದಿಲ್ಲ. ಕುಷ್ಠಕ್ಕೂ ಕೆಲವು ಬಗೆಯ ಕ್ಷಯಕ್ಕೂ ಕೊಡುವ ಕ್ಲೊಫಾಜಿಮಿನ್ ಚರ್ಮವನ್ನು ಕೆಂಪು-ಕಂದಾಗಿಸುತ್ತದೆ, ಅದು ತಿಳಿಯಾಗಲು ತಿಂಗಳುಗಟ್ಟಲೆ ಬೇಕು, ಒಮ್ಮೊಮ್ಮೆ ವರ್ಷಗಳೇ. ಹೃದಯದ ಬಡಿತ ಸರಿಪಡಿಸುವ ಅಮಿಯೊಡರೋನ್, ಮೊಡವೆಗೆ ಕೊಡುವ ಮಿನೊಸೈಕ್ಲಿನ್ ತರುವ ನೀಲಿ-ಬೂದು ಛಾಯೆಯೂ ಹಾಗೆಯೇ. ಆದ್ದರಿಂದ ಮೂರು ವಾರ ನಿಲ್ಲಿಸಿ ನೋಡಿದ್ದರಿಂದ ಮಾತ್ರೆ ತಪ್ಪಿತಸ್ಥನೆಂದೂ ತಿಳಿಯಲಿಲ್ಲ, ಅಲ್ಲವೆಂದೂ ತಿಳಿಯಲಿಲ್ಲ. ಯಾವ ಉತ್ತರವೂ ಸಿಗದ ಪರೀಕ್ಷೆಗಾಗಿ ಸಕ್ಕರೆ, ಬಿಪಿ ಎರಡೂ ಕೈಮೀರಿದವು. ಮಗನಿಗೆ ಫೋನಿನಲ್ಲಿ ಇದನ್ನೇ ಹೇಳಿದೆ. ಅವನು ಒಪ್ಪಿದ. ಅಮ್ಮನ ಮೇಲಿನ ಕಾಳಜಿಯಿಂದಲೇ ಅವನು ಹುಡುಕಿದ್ದು, ಹುಡುಕಾಟ ನಿಂತದ್ದು ಮಾತ್ರ ತಪ್ಪು ಜಾಗದಲ್ಲಿ.

ಬಣ್ಣ ಎಲ್ಲೆಲ್ಲಿ ಕೂತಿದೆ

ಇಂಥ ರೋಗಿಯಲ್ಲಿ ಕಾರಣ ಹುಡುಕುವ ಮೊದಲು ನಾನು ಜಾಗ ನೋಡುತ್ತೇನೆ. ಕಿಟಕಿಯ ಪಕ್ಕ ಕೂರಿಸಿ, ಹಗಲು ಬೆಳಕಿನಲ್ಲಿ, ಕೈಯ ಕೆಳಗೆ ಒಂದು ಬಿಳಿ ಹಾಳೆ ಇಟ್ಟು.

ಎರಡೂ ಕೈಗಳಲ್ಲಿ ಒಂದೇ ಸಮ. ಬೆರಳಿನ ಕೀಲುಗಳ ಮೇಲೆ ಗಾಢ ಕಂದು, ಕೀಲಿನಿಂದ ಕೀಲಿಗೆ ನಡುವೆ ತಿಳಿ. ಉಗುರಿನ ಬುಡದ ಚರ್ಮ ಕಪ್ಪು. ಕೈ ತಿರುಗಿಸಿದರೆ ಅಂಗೈ ಗೆರೆಗಳು ಕಪ್ಪು ನೂಲೆಳೆದಂತೆ. ಅಂಗಾಲಿನಲ್ಲಿ ಅಲ್ಲಲ್ಲಿ ಕಂದು ಚುಕ್ಕೆ.

ಅಂಗೈ ಗೆರೆ, ಅಂಗಾಲು. ಬಿಪಿ ಮಾತ್ರೆಯ ಮೇಲಿನ ಗುಮಾನಿ ಬಹುಪಾಲು ಇಲ್ಲೇ ಸಡಿಲಾಯಿತು. ಆ ಮಾತ್ರೆಯಲ್ಲಿರುವ ಥಯಜೈಡ್ ತರುವ ಬಣ್ಣ ಬಿಸಿಲು ಬೀಳುವ ಜಾಗ ಹುಡುಕಿಕೊಂಡು ಹೋಗುತ್ತದೆ: ಮುಖ, ಕತ್ತಿನ ಮುಂಭಾಗ, ಮುಂಗೈ. ಈಕೆ ದಿನವಿಡೀ ಒಳಗೆ ಕೂತು ಹೊಲಿಯುವವರು, ಅಂಗಾಲಿಗೆ ಬಿಸಿಲು ಕಂಡದ್ದೇ ಇಲ್ಲ.

ಹಾಗಾದರೆ ಗೆಣ್ಣು, ಅಂಗೈ ಗೆರೆ ಎರಡೂ ಕಪ್ಪಾಗುವ ಕಾಯಿಲೆಗಳು ಯಾವುವು? ಮೊದಲು ನೆನಪಾಗಬೇಕಾದದ್ದು ಅಡಿಸನ್ ಕಾಯಿಲೆ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಸೋತಾಗ ಬರುವಂಥದ್ದು. ಗಮನಿಸದೆ ಬಿಟ್ಟರೆ ಜೀವಕ್ಕೇ ಕುತ್ತು. ಆದರೆ ಅಡಿಸನ್‌ನಲ್ಲಿ ಬಿಪಿ ಇಳಿಯುತ್ತದೆ, ತೂಕ ಕರಗುತ್ತದೆ. ಇವರ ಬಿಪಿ ಏರಿತ್ತು, ತೂಕ ಹಾಗೇ ಇತ್ತು. ಆದರೂ ಆ ಗ್ರಂಥಿಯ ಹಾರ್ಮೋನಾದ ಕಾರ್ಟಿಸಾಲ್ ಎಷ್ಟಿದೆ ಎಂದು ನೋಡಲು ಬೆಳಗಿನ ರಕ್ತ ಕಳಿಸಿದೆ. ಇದೊಂದನ್ನು ಅಂದಾಜಿನ ಮೇಲೆ ಬಿಡುವ ಹಾಗಿಲ್ಲ. ಕತ್ತಿನ ಹಿಂದೆ ಮಖಮಲ್ಲಿನಂಥ ದಪ್ಪ ಕಪ್ಪು ಇತ್ತು. ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡದವರಲ್ಲಿ ಕಾಣುವಂಥದ್ದು, ಹಳೆಯದು, ಈಗಿನ ದೂರಿಗೆ ಸಂಬಂಧವಿಲ್ಲ. ಮುಖದ ಕೆಂಪು ಕ್ರೀಮಿನದು. ಒಬ್ಬರ ಮೈಮೇಲೇ ಮೂರು ಬೇರೆ ಬೇರೆ ಕಾರಣದ ಮೂರು ಬಣ್ಣ. ಎಲ್ಲವನ್ನೂ ಒಂದೇ ಕಾರಣಕ್ಕೆ ಕಟ್ಟಲು ಹೋಗಿದ್ದರೆ ದಾರಿ ತಪ್ಪುತ್ತಿತ್ತು.

ಮರಗಟ್ಟಿದ ಮಚ್ಚೆ ಎಲ್ಲೂ ಇರಲಿಲ್ಲ, ನರಗಳು ದಪ್ಪವಾಗಿರಲಿಲ್ಲ. ಕುಷ್ಠವಲ್ಲ ಎಂದು ಅಲ್ಲೇ, ಮಗಳ ಎದುರಿಗೇ, ಸ್ಪಷ್ಟವಾಗಿ ಹೇಳಿದೆ. ತಾಯಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.

ಎರಡನೆಯ ತಿರುವು: ನಾಲಿಗೆ ಮತ್ತು ಪೆಡಲು

"ಬಾಯಿ ತೆಗೀರಮ್ಮ" ಎಂದಾಗ ಕಂಡ ನಾಲಿಗೆ ನುಣ್ಣಗೆ, ಕೆಂಪಗೆ, ಮೇಲಿನ ಸಣ್ಣ ಮೊನೆಗಳೆಲ್ಲ ಸವೆದು ಹೋಗಿದ್ದವು.

"ಖಾರ ತಿನ್ನೋಕಾಗುತ್ತಾ?"

"ಎಲ್ಲಿಂದ ಸರ್, ಸಾರು ನಾಲಿಗೆಗೆ ತಾಗಿದ್ರೆ ಬೆಂಕಿ. ಮೊಸರನ್ನ ತಿನ್ನೋಣ ಅಂದ್ರೆ ಶುಗರ್ ಬಂದಾಗಿಂದ ಹಾಲು-ಮೊಸರು ಬಿಟ್ಟಿದೀನಿ."

ಯಾಕೆ ಬಿಟ್ಟಿರಿ ಎಂದು ಕೇಳಿದೆ. ಹಾಲಿನಲ್ಲಿ ಕೊಬ್ಬು ಜಾಸ್ತಿ, ಸಕ್ಕರೆಯವರಿಗೆ ಆಗದು ಎಂದು ಯಾರೋ ಹೇಳಿದ್ದರಂತೆ. ಎಂಟು ವರ್ಷಗಳಿಂದ ಕರಿ ಟೀ, ನೀರು ಮಜ್ಜಿಗೆ ಅಪರೂಪಕ್ಕೊಮ್ಮೆ.

ಆಮೇಲೆ ಕಾಲಿನ ಮಾತು. ಜೋಮು ಎಂದಷ್ಟೇ ಬರೆದುಕೊಂಡಿದ್ದರೆ ಅದರ ತೂಕ ತಿಳಿಯುತ್ತಿರಲಿಲ್ಲ. ಮಷಿನ್ ತುಳಿಯಲು ತೊಂದರೆಯಿದೆಯೇ ಎಂದಾಗ ಅವರು ಹೇಳಿದ್ದು: "ಪೆಡಲ್ ಮೇಲೆ ಕಾಲು ಇದೆಯೋ ಇಲ್ವೋ ಬಗ್ಗಿ ನೋಡ್ಕೊಂಡೇ ತುಳೀಬೇಕು. ರಾತ್ರಿ ಕರೆಂಟ್ ಹೋದ್ರೆ ಗೋಡೆ ಹಿಡ್ಕೊಂಡೇ ಬಚ್ಚಲಿಗೆ ಹೋಗೋದು." ಕಣ್ಣು ಮುಚ್ಚಿ ನಿಲ್ಲಿಸಿದರೆ ತೂಗಾಡಿದರು. ಟ್ಯೂನಿಂಗ್ ಫೋರ್ಕಿನ ಕಂಪನ ಹೆಬ್ಬೆರಳಿಗೂ ಗೊತ್ತಾಗಲಿಲ್ಲ, ಹರಡಿಗೂ ಗೊತ್ತಾಗಲಿಲ್ಲ. ಕಾಲು ಎಲ್ಲಿದೆ ಎಂದು ಮೆದುಳಿಗೆ ತಿಳಿಸುವ ನರದ ದಾರಿ ಬೆನ್ನುಹುರಿಯ ಹಿಂಭಾಗದಲ್ಲಿ ಸಾಗುತ್ತದೆ. ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ಕೆಡಿಸುವುದು ಹೌದು, ಆದರೆ ಕತ್ತಲಲ್ಲಿ ಇಷ್ಟು ಓಲಾಡಿಸುವ ಮೊದಲು ಬಿ12 ವಿಟಮಿನ್ ಬಗ್ಗೆ ಯೋಚಿಸಲೇಬೇಕು.

ಕಪ್ಪು ಗೆಣ್ಣು, ಬೋಳು ನಾಲಿಗೆ, ತೂಗಾಡುವ ನಡಿಗೆ, ಬಿ12 ಸಿಗುವ ಹಾಲನ್ನೂ ಬಿಟ್ಟ ಸಸ್ಯಾಹಾರ. ಎಲ್ಲವೂ ಒಂದೇ ಕಡೆ ಬೆರಳು ತೋರುತ್ತಿದ್ದವು. ಬಿ12 ಕೊರತೆಯಿಂದ ಚರ್ಮ ಕಪ್ಪಾಗುತ್ತದೆ, ಬಿ12 ಕೊಟ್ಟರೆ ತಿಳಿಯಾಗುತ್ತದೆ ಎಂಬುದನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು 1963ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದಿದ್ದಾರೆ. ನಮ್ಮ ಪಕ್ಕದಲ್ಲೇ, ನಮ್ಮಂಥದೇ ಚರ್ಮದ ಮೇಲೆ ಕಂಡುಕೊಂಡ ವಿಷಯ. ಆದರೂ ಗೆಣ್ಣು ಕಪ್ಪಾದವರು ಇವತ್ತಿಗೂ ಮೊದಲು ಹೋಗುವುದು ಕ್ರೀಮಿನ ಅಂಗಡಿಗೆ. ಇದು ನನ್ನನ್ನು ಬಹಳ ಕಾಡುತ್ತದೆ.

ಮಾತ್ರೆಯ ಚೀಲ

ಮರುದಿನ ಮಗಳಿಗೆ ಮನೆಯಲ್ಲಿರುವ ಅಷ್ಟೂ ಮಾತ್ರೆಗಳನ್ನು ತರಲು ಹೇಳಿದೆ. ಚೀಟಿ ಸಾಲದು, ಮಾತ್ರೆಗಳೇ ಬೇಕು. ಸೀರೆ ಅಂಗಡಿಯ ಚೀಲವೊಂದು ಮೇಜಿನ ಮೇಲೆ ಖಾಲಿಯಾಯಿತು.

ಮೆಟ್‌ಫಾರ್ಮಿನ್ ದಿನಕ್ಕೆ 2000 ಮಿಲಿಗ್ರಾಂ, ಜೊತೆಗೆ ಸಕ್ಕರೆಯದೇ ಇನ್ನೊಂದು ಮಾತ್ರೆ ಗ್ಲಿಮೆಪಿರೈಡ್. ಬಿಪಿಗೆ ಟೆಲ್ಮಿಸಾರ್ಟನ್-ಹೈಡ್ರೊಕ್ಲೊರೊಥಯಜೈಡ್. ಇವು ಚೀಟಿಯಲ್ಲಿದ್ದವು. ಚೀಟಿಯಲ್ಲಿ ಇಲ್ಲದ್ದು ಎರಡು. ಒಂದು, ಪ್ಯಾಂಟೊಪ್ರಜೋಲ್ 40, ನಾವೆಲ್ಲ ಗ್ಯಾಸ್ಟ್ರಿಕ್ ಮಾತ್ರೆ ಎನ್ನುವುದು. ಐದು ವರ್ಷದ ಹಿಂದೆ ಹೊಟ್ಟೆ ಉರಿಗೆಂದು ಹತ್ತು ದಿನಕ್ಕೆ ಬರೆದುಕೊಟ್ಟದ್ದು, ಅಂದಿನಿಂದ ದಿನಾ ಬೆಳಿಗ್ಗೆ ಕಾಫಿಯಷ್ಟೇ ನಿಯಮಿತವಾಗಿ ನಡೆದಿದೆ. "ಅದೇನು ಮಾತ್ರೆ ಅಂತಾನೇ ಲೆಕ್ಕ ಇಲ್ಲ ಸರ್" ಎಂದಳು ಮಗಳು. ಇನ್ನೊಂದು 'ರಕ್ತದ ಮಾತ್ರೆ', ಕಬ್ಬಿಣ ಮತ್ತು ಫೋಲಿಕ್ ಆಸಿಡ್. ಸುಸ್ತೆಂದು ತಾವೇ ಕೊಂಡು, ನೆನಪಾದಾಗ ಟೀ ಕುಡಿದ ಮೇಲೆ ನುಂಗುತ್ತಿದ್ದದ್ದು.

ಈ ಚೀಲದಲ್ಲಿ ಅಂಗೈ ಗೆರೆಗೆ ನೇರವಾಗಿ ಬಣ್ಣ ಬಳಿಯುವ ಮಾತ್ರೆ ಇರಲಿಲ್ಲ. ಸುತ್ತುದಾರಿಯಲ್ಲಿ ಅಲ್ಲಿಗೆ ತಲುಪಿಸುವವು ಎರಡಿದ್ದವು. ಆಹಾರದಲ್ಲಿರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಅದನ್ನು ಬಿಡಿಸಲು ಹೊಟ್ಟೆಯ ಆಮ್ಲ ಬೇಕು. ಪ್ಯಾಂಟೊಪ್ರಜೋಲ್ ಆ ಆಮ್ಲವನ್ನೇ ತಗ್ಗಿಸುತ್ತದೆ. ಬಿಡಿಸಿಕೊಂಡ ಬಿ12 ಸಣ್ಣಕರುಳಿನ ಕೊನೆಯ ಭಾಗದಲ್ಲಿ ರಕ್ತಕ್ಕೆ ಸೇರಬೇಕು, ಅಲ್ಲಿ ಮೆಟ್‌ಫಾರ್ಮಿನ್ ಅಡ್ಡಿಮಾಡುತ್ತದೆ. ಡೋಸು ಹೆಚ್ಚಿದಷ್ಟೂ, ವರ್ಷ ಕಳೆದಷ್ಟೂ ಅಡ್ಡಿ ಹೆಚ್ಚು. ಮೆಟ್‌ಫಾರ್ಮಿನ್ ಮತ್ತು ಬಿ12ರ ಈ ನಂಟು 1971ರಿಂದಲೇ ವೈದ್ಯಕೀಯ ಪತ್ರಿಕೆಗಳಲ್ಲಿದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಬಿ12 ಕೊರತೆಯನ್ನು ಮೆಟ್‌ಫಾರ್ಮಿನ್‌ನ ಸಾಮಾನ್ಯ ಅಡ್ಡಪರಿಣಾಮವೆಂದು ಪರಿಗಣಿಸಿ, ಅಪಾಯ ಹೆಚ್ಚಿರುವವರಲ್ಲಿ ಆಗಾಗ ಪರೀಕ್ಷಿಸಲು ಹೇಳಿತು. ಯಕೃತ್ತಿನಲ್ಲಿ ಬಿ12 ದಾಸ್ತಾನು ವರ್ಷಗಟ್ಟಲೆ ಸಾಲುವಷ್ಟಿರುತ್ತದೆ. ಹಾಗಾಗಿ ಮಾತ್ರೆ ಶುರುವಾದದ್ದಕ್ಕೂ ಕೈ ಕಪ್ಪಾದದ್ದಕ್ಕೂ ನಡುವೆ ದೊಡ್ಡ ಅಂತರ ಬೀಳುತ್ತದೆ. ಹೊಸ ಮಾತ್ರೆ ಯಾವುದು ಶುರುವಾಯಿತು ಎಂದಷ್ಟೇ ಹುಡುಕಿದರೆ ಇದು ಕೈಗೆ ಸಿಗುವುದಿಲ್ಲ.

ಬಣ್ಣ ಏರುವುದೇಕೆ ಎಂಬುದಕ್ಕೆ ಹೆಚ್ಚಾಗಿ ಕೊಡುವ ವಿವರಣೆ ಹೀಗಿದೆ: ಮೆಲನಿನ್ ತಯಾರಿಸುವ ಟೈರೊಸಿನೇಸ್ ಕಿಣ್ವವನ್ನು ಗ್ಲೂಟಥಯೋನ್ ಹಿಡಿತದಲ್ಲಿಡುತ್ತದೆ. ಬಿ12 ಇಳಿದಾಗ ಗ್ಲೂಟಥಯೋನ್ ಕುಗ್ಗಿ ಆ ಹಿಡಿತ ಸಡಿಲಾಗುತ್ತದೆ.

ಆರಂಭ ಯಾವಾಗ ಎಂಬುದು ಮಗಳ ಫೋನಿನಲ್ಲಿ ಸಿಕ್ಕಿತು. ಅವಳ ಸೀಮಂತದ ಫೋಟೋಗಳಲ್ಲಿ ಅಮ್ಮ ಬಳೆ ತೊಡಿಸುತ್ತಿದ್ದಾರೆ, ಕೈ ಕ್ಯಾಮೆರಾಕ್ಕೆ ತೀರಾ ಹತ್ತಿರ. ನಮ್ಮಲ್ಲಿಗೆ ಬರುವ ಹೊತ್ತಿಗೆ ಆ ಮಗುವಿಗೆ ಒಂದು ವರ್ಷ ತುಂಬಿತ್ತು. ಹಿಗ್ಗಿಸಿ ನೋಡಿದರೆ ಗೆಣ್ಣಿನ ಮೇಲೆ ಕಂದು ಛಾಯೆ ಆಗಲೇ ಇದೆ. ಕ್ರೀಮು ಬರುವ ಮೊದಲಿನ ಮಾತು ಅದು. ಅಷ್ಟರಮಟ್ಟಿಗೆ ಗೆಣ್ಣಿನ ವಿಷಯದಲ್ಲಿ ಕ್ರೀಮು ನಿರಪರಾಧಿ. ಕುಟುಂಬದ ಫೋಟೋಗಳು ಇಷ್ಟು ಉಪಯೋಗಕ್ಕೆ ಬರುತ್ತವೆಂದು ಬಹಳ ಮಂದಿಗೆ ಹೊಳೆಯುವುದಿಲ್ಲ. ಬಣ್ಣದ ದೂರು ಹೊತ್ತು ಬಂದವರಿಗೆ ಹಳೆಯ ಮದುವೆ-ಮುಂಜಿಯ ಫೋಟೋ ತರಲು ಹೇಳುವುದು ನನಗೆ ರಕ್ತಪರೀಕ್ಷೆಯಷ್ಟೇ ಮುಖ್ಯ.

ಪರೀಕ್ಷೆಯಲ್ಲಿದ್ದ ತಿರುವು

ಬಿ12 ಕೊರತೆಯಿದ್ದರೆ ಕೆಂಪು ರಕ್ತಕಣಗಳು ದೊಡ್ಡದಾಗಬೇಕು, ವರದಿಯಲ್ಲಿ ಅವುಗಳ ಸರಾಸರಿ ಗಾತ್ರ ತೋರಿಸುವ ಎಂಸಿವಿ ಏರಬೇಕು ಎನ್ನುವುದು ಪುಸ್ತಕದ ಪಾಠ. ಇವರ ಹಿಮೋಗ್ಲೋಬಿನ್ 9.4, ಎಂಸಿವಿ 88, ಅಂದರೆ ಸರಿಯಾಗಿ ನಾರ್ಮಲ್. ನಾಲ್ಕು ತಿಂಗಳ ಹಿಂದಿನ ವರದಿಯೂ ಹೀಗೇ ಇತ್ತು, ಅದನ್ನು ನೋಡಿದವರು ಕಬ್ಬಿಣದ ಕೊರತೆ ಎಂದು ಮುಂದೆ ಹೋಗಿದ್ದರು. ಆದರೆ ಕಣಗಳ ಗಾತ್ರದ ಏರುಪೇರು ತೋರಿಸುವ ಆರ್‌ಡಿಡಬ್ಲ್ಯೂ 19 ಇತ್ತು. ಸರಾಸರಿ ಸರಿಯಿದೆ, ಏರುಪೇರು ವಿಪರೀತ. ಕಬ್ಬಿಣದ ಕೊರತೆ ಕಣಗಳನ್ನು ಕಿರಿದಾಗಿಸುತ್ತದೆ, ಬಿ12 ಕೊರತೆ ಹಿರಿದಾಗಿಸುತ್ತದೆ, ಎರಡೂ ಒಟ್ಟಿಗಿದ್ದರೆ ಸರಾಸರಿ ನಡುವೆ ಬಂದು ನಿಲ್ಲುತ್ತದೆ. ಗಾಜಿನ ಮೇಲೆ ಹರಡಿದ ರಕ್ತವನ್ನು (ಸ್ಮಿಯರ್) ಸೂಕ್ಷ್ಮದರ್ಶಕದಲ್ಲಿ ನೋಡಲು ಪೆಥಾಲಜಿಸ್ಟರಿಗೆ ಫೋನ್ ಮಾಡಿದೆ. ಸಂಜೆಯೊಳಗೆ ಉತ್ತರ ಬಂತು: ಎರಡು ಬಗೆಯ ಕಣಗಳಿವೆ, ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳ ನ್ಯೂಕ್ಲಿಯಸ್ ಆರಾರು ಹಾಲೆಗಳಾಗಿ ಒಡೆದಿದೆ. ಆ ಹಾಲೆಗಳು ಬಿ12 ಅಥವಾ ಫೋಲೇಟ್ ಕೊರತೆಯ ಗುರುತು.

ಉಳಿದವೂ ಬಂದವು. ಬಿ12 98 ಪಿಕೋಗ್ರಾಂ, 200ಕ್ಕಿಂತ ಕೆಳಗಿದ್ದರೆ ಕೊರತೆ. ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ 11, ಬಹಳ ಕಡಿಮೆ. ಕಾರ್ಟಿಸಾಲ್, ಪೊಟ್ಯಾಸಿಯಂ, ಥೈರಾಯ್ಡ್, ಕ್ರಿಯಾಟಿನಿನ್ ಎಲ್ಲ ಸರಿ. ಫೆರಿಟಿನ್ ಇಷ್ಟು ಕಡಿಮೆ ಇದ್ದುದರಿಂದ ಕಬ್ಬಿಣ ತುಂಬಿಕೊಂಡು ಸಕ್ಕರೆಯ ಜೊತೆ ಚರ್ಮ ಕಂಚಿನ ಬಣ್ಣವಾಗುವ ಹೀಮೊಕ್ರೊಮಟೋಸಿಸ್ ಕೂಡ ಪಟ್ಟಿಯಿಂದ ಹೊರಬಿತ್ತು. ಬಯಾಪ್ಸಿ ಬೇಕೇ ಎಂದು ಚರ್ಮರೋಗ ತಜ್ಞರನ್ನು ಕೇಳಿದೆ. ಬಿ12 ಕೊಟ್ಟು ಮೂರು ತಿಂಗಳು ಕಾಯೋಣ, ತಿಳಿಯಾಗದಿದ್ದರೆ ಆಗ ಮಾಡೋಣ ಎಂದರು. ಹಾಗೇ ಆಯಿತು.

ಇನ್ನೊಂದು ಹಳೆಯ ವರದಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ವರ್ಷದ ಹಿಂದೆ ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ, 8.6 ಬಂದಿತ್ತು. ಅದನ್ನು ನೋಡಿ ಮೆಟ್‌ಫಾರ್ಮಿನ್ 1000ದಿಂದ 2000ಕ್ಕೆ ಏರಿತ್ತು. ಆದರೆ ಮನೆಯ ಗ್ಲೂಕೋಮೀಟರಿನಲ್ಲಿ ಆ ತಿಂಗಳುಗಳ ಖಾಲಿ ಹೊಟ್ಟೆಯ ಸಕ್ಕರೆ 120-130, ಊಟದ ನಂತರದ್ದು 170ರ ಒಳಗೆ. ಎರಡೂ ಹೊಂದುವುದಿಲ್ಲ. ಕಬ್ಬಿಣ ಅಥವಾ ಬಿ12 ಕೊರತೆಯ ರಕ್ತಹೀನತೆಯಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಹಾಗಾದರೆ ಬಿ12 ಕೊರತೆ ತಾನೇ ಸಕ್ಕರೆಯ ಅಂಕಿಯನ್ನು ಏರಿಸಿ, ಆ ಅಂಕಿ ಮೆಟ್‌ಫಾರ್ಮಿನ್ ಏರಿಸಿ, ಮೆಟ್‌ಫಾರ್ಮಿನ್ ಕೊರತೆಯನ್ನು ಇನ್ನಷ್ಟು ಆಳಕ್ಕೆ ಒಯ್ದಿರುವ ಸಾಧ್ಯತೆ ಇದೆ. ರಕ್ತಹೀನತೆ ಇರುವವರಲ್ಲಿ ಮೂರು ತಿಂಗಳ ಸಕ್ಕರೆಯನ್ನು ಗ್ಲೂಕೋಮೀಟರಿನ ಅಂಕಿಗಳ ಪಕ್ಕದಲ್ಲಿಟ್ಟೇ ಓದಬೇಕು.

ನಿರ್ಧಾರಗಳು

ಬಿಪಿ ಮಾತ್ರೆಯನ್ನು ಬಂದ ದಿನವೇ ಮರಳಿ ಶುರು ಮಾಡಿಸಿದ್ದೆವು. ಅದನ್ನು ಬೇರೆ ಮಾತ್ರೆಗೆ ಬದಲಿಸಿ ಎಂದು ಮಗ ಬಹಳ ಕೇಳಿಕೊಂಡ. ನಾನು ಒಪ್ಪಲಿಲ್ಲ. ಒಂದೇ ಸಲ ನಾಲ್ಕು ಬದಲಾವಣೆ ಮಾಡಿ, ಆರು ತಿಂಗಳಿಗೆ ಬಣ್ಣ ತಿಳಿಯಾದರೆ ಯಾವುದರಿಂದ ಆಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ಆ ತಾಯಿ ಜೀವಮಾನವಿಡೀ ಬೇಡದ ಹೆದರಿಕೆ ಹೊತ್ತು, ಒಳ್ಳೆಯ ಮಾತ್ರೆಯೊಂದನ್ನು ದೂರ ಇಡಬೇಕಾಗುತ್ತದೆ. ಬಣ್ಣದ ಜಾಗವೇ ಥಯಜೈಡ್ ಅಲ್ಲವೆಂದು ಹೇಳುತ್ತಿತ್ತು, ಹಾಗಾಗಿ ಅದು ಉಳಿಯಿತು.

ಮೆಟ್‌ಫಾರ್ಮಿನ್ ಏನು ಮಾಡುವುದು? ಅಡ್ಡಪರಿಣಾಮ ಎಂದು ತಿಳಿದ ಮೇಲೂ ಅದನ್ನೇ ಕೊಡುತ್ತೀರಾ ಎಂದು ಮಗಳು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಹೀಗಿತ್ತು: ಈ ಅಡ್ಡಪರಿಣಾಮವನ್ನು ತುಂಬಿಕೊಡಬಹುದು, ಬಿ12 ಕೊಟ್ಟರೆ ಸಾಕು. ಮೆಟ್‌ಫಾರ್ಮಿನ್ ಕಡಿಮೆ ಬೆಲೆಯದು, ದಶಕಗಳಿಂದ ಗೊತ್ತಿರುವುದು, ಎಂಟು ವರ್ಷ ಅವರಿಗೆ ಒಗ್ಗಿದ್ದು. ಆದ್ದರಿಂದ 1500 ಮಿಲಿಗ್ರಾಂಗೆ ಇಳಿಸಿ ಮುಂದುವರಿಸಿದೆವು.

ಬಿ12 ಚುಚ್ಚುಮದ್ದಾಗಿ ಶುರುವಾಯಿತು, ಹೈಡ್ರಾಕ್ಸೊಕೊಬಾಲಮಿನ್ 1000 ಮೈಕ್ರೋಗ್ರಾಂ, ಮೊದಲು ದಿನ ಬಿಟ್ಟು ದಿನ, ನಂತರ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ನರಕ್ಕೆ ಪೆಟ್ಟು ಬಿದ್ದಿರುವಾಗ ಮಾತ್ರೆಯನ್ನು ನಂಬಿ ಕಾಯುವುದು ಬೇಡವೆಂದು ಚುಚ್ಚುಮದ್ದು. ಫೋಲಿಕ್ ಆಸಿಡ್ ಇದ್ದ ರಕ್ತದ ಮಾತ್ರೆಯನ್ನು ಸದ್ಯಕ್ಕೆ ನಿಲ್ಲಿಸಿ, ಬಿ12 ತುಂಬಿಕೊಂಡ ಮೇಲೆ ಕಬ್ಬಿಣ ಕೊಟ್ಟೆವು. ಬಿ12 ಇಲ್ಲದಾಗ ಬರೀ ಫೋಲಿಕ್ ಆಸಿಡ್ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ನರದ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಸುಸ್ತೆಂದರೆ ರಕ್ತದ ಮಾತ್ರೆ ಕೊಳ್ಳುವ ನಮ್ಮ ರೂಢಿಯಲ್ಲಿ ಈ ಅಪಾಯವಿದೆ. ಬಿ12 ಸಿಕ್ಕೊಡನೆ ಹೊಸ ಕಣಗಳ ತಯಾರಿ ಭರದಿಂದ ಸಾಗಿ ರಕ್ತದ ಪೊಟ್ಯಾಸಿಯಂ ಇಳಿಯಬಹುದು, ಇವರ ಬಿಪಿ ಮಾತ್ರೆಯಲ್ಲಿರುವ ಥಯಜೈಡ್ ಕೂಡ ಪೊಟ್ಯಾಸಿಯಂ ಇಳಿಸುವಂಥದ್ದು. ಆದ್ದರಿಂದ ಮೊದಲ ವಾರದ ಕೊನೆಗೆ ಅದನ್ನು ಮತ್ತೆ ನೋಡಿದೆವು. ಸರಿಯಿತ್ತು.

ಪ್ಯಾಂಟೊಪ್ರಜೋಲ್ ಬಿಡಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ವರ್ಷಗಟ್ಟಲೆ ನುಂಗಿ ಒಮ್ಮೆಗೇ ನಿಲ್ಲಿಸಿದರೆ ಆಮ್ಲ ಮೊದಲಿಗಿಂತ ಹೆಚ್ಚು ಉಕ್ಕುತ್ತದೆ, "ನೋಡಿ, ನನಗಿದು ಬೇಕೇ ಬೇಕು" ಎಂದು ಮತ್ತೆ ಶುರುವಾಗುತ್ತದೆ. 20 ಮಿಲಿಗ್ರಾಂಗೆ ಇಳಿಸಿ, ಆಮೇಲೆ ದಿನ ಬಿಟ್ಟು ದಿನ, ರಾತ್ರಿ ಊಟ ಎಂಟರೊಳಗೆ. ಎರಡು ತಿಂಗಳು ಹಿಡಿಯಿತು. ಕ್ರೀಮು ನಿಲ್ಲಿಸಿದಾಗ ಮುಖ ಮೊದಲಿಗಿಂತ ಕೆಂಪಾಗಿ ಉರಿಯುತ್ತದೆ ಎಂದು ಮುಂಚೆಯೇ ಹೇಳಿದ್ದರಿಂದ ಅವರು ಮತ್ತೆ ಅದನ್ನು ಹಚ್ಚಲಿಲ್ಲ. ಆ ಭಾಗವನ್ನು ಚರ್ಮರೋಗ ತಜ್ಞರೇ ನೋಡಿಕೊಂಡರು.

ಏನಾಯಿತು

ನಾಲಿಗೆ ಎಲ್ಲಕ್ಕಿಂತ ಮೊದಲು ಗುಣವಾಯಿತು. ಎರಡು ವಾರಕ್ಕೆ ಸಾರು ಅನ್ನ ತಿಂದೆ ಎಂದು ಸಂತೋಷದಿಂದ ಹೇಳಿದರು. ಎರಡು ತಿಂಗಳಿಗೆ ಹಿಮೋಗ್ಲೋಬಿನ್ 11.8. ಬಣ್ಣ ಮಾತ್ರ ಹಾಗೇ ಇತ್ತು, ಮನೆಯವರ ತಾಳ್ಮೆ ಸೋಲುವ ಹಂತ ಅದು. ಅಷ್ಟರಲ್ಲಿ ಮಗ ಬಯಾಪ್ಸಿ ಕೇಳಿದ, ಒಂದು ತಿಂಗಳು ತಡೆಯೋಣ ಎಂದೆ. ಪ್ರತಿ ತಿಂಗಳೂ ಅದೇ ಕಿಟಕಿ, ಅದೇ ಹೊತ್ತು, ಅದೇ ಬಿಳಿ ಹಾಳೆಯ ಮೇಲೆ ಕೈ ಇಟ್ಟು ಫೋಟೋ ತೆಗೆಯುತ್ತಿದ್ದದ್ದು ಆಗ ನೆರವಿಗೆ ಬಂತು. ದಿನಾ ನೋಡುವ ಕಣ್ಣಿಗೆ ಕಾಣದ ವ್ಯತ್ಯಾಸ ಮೂರನೆಯ ತಿಂಗಳ ಫೋಟೋದಲ್ಲಿ ಕಂಡಿತು: ಉಗುರಿನ ಬುಡ ತಿಳಿಯಾಗಿತ್ತು. ಆರು ತಿಂಗಳಿಗೆ ಅಂಗೈ ಗೆರೆಗಳು ಬಹುತೇಕ ಮೊದಲಿನಂತಾದವು, ಗೆಣ್ಣಿನಲ್ಲಿ ತೆಳು ಛಾಯೆ ಉಳಿಯಿತು. ಬಯಾಪ್ಸಿಯ ಅಗತ್ಯ ಬೀಳಲಿಲ್ಲ. ಎಚ್‌ಬಿಎ1ಸಿ 7.0, ಕಡಿಮೆ ಡೋಸಿನಲ್ಲಿ. ಚಿಕಿತ್ಸೆ ಶುರುವಾದ ಹೊಸತರಲ್ಲಿ ಎಳೆಯ ಕಣಗಳು ಹೆಚ್ಚಿದ್ದು ಅದು ತಪ್ಪಾಗಿ ಕಡಿಮೆ ತೋರಿಸಬಹುದೆಂದು ಆರು ತಿಂಗಳ ತನಕ ಕಾದು ನೋಡಿದ ಅಂಕಿ ಇದು.

ಕಾಲಿನದು ಅರ್ಧ ಗೆಲುವು. ಪೆಡಲನ್ನು ಬಗ್ಗಿ ನೋಡದೆ ತುಳಿಯುತ್ತಾರೆ, ಕತ್ತಲಲ್ಲಿ ಗೋಡೆ ಬೇಕಿಲ್ಲ. ಆದರೆ ಹೆಬ್ಬೆರಳಿಗೆ ಟ್ಯೂನಿಂಗ್ ಫೋರ್ಕಿನ ಕಂಪನ ಇಂದಿಗೂ ಪೂರ್ತಿ ತಿಳಿಯುವುದಿಲ್ಲ. ಅದರಲ್ಲಿ ಸಕ್ಕರೆಯ ಪಾಲೆಷ್ಟು, ತಡವಾದ ಬಿ12ರ ಪಾಲೆಷ್ಟು ಎಂದು ಬೇರ್ಪಡಿಸಲಾಗದು. ಬಣ್ಣ ಕಾಣುತ್ತಿದ್ದ ವರ್ಷದಲ್ಲೇ ಬಿ12 ನೋಡಿದ್ದರೆ ಈ ನರಗಳಿಗೆ ಇನ್ನಷ್ಟು ಉಳಿಗಾಲವಿತ್ತು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಕಣ್ಣಿಗೆ ಬೀಳುವ ಬಣ್ಣಕ್ಕೆ ಚಿಕಿತ್ಸೆ ಹುಡುಕುತ್ತಾ, ಕಣ್ಣಿಗೆ ಬೀಳದ ನರವನ್ನು ಕಳೆದುಕೊಂಡೆವು.

ಇದು ಔಷಧದ ಅಡ್ಡಪರಿಣಾಮವೇ?

ಹೌದು, ಆದರೆ ಒಂಟಿಯಾಗಿ ಅಲ್ಲ. ಹಾಲು ಬಿಟ್ಟ ಸಸ್ಯಾಹಾರ, ಮೆಟ್‌ಫಾರ್ಮಿನ್, ಪ್ಯಾಂಟೊಪ್ರಜೋಲ್ ಮೂರೂ ಸೇರಿ ಇದನ್ನು ತಂದವು. ಹೊಟ್ಟೆಯೇ ಬಿ12 ಹೀರಲು ಬೇಕಾದ ಅಂಶವನ್ನು ಕಳೆದುಕೊಂಡಿದೆಯೇ ಎಂದು ನೋಡುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಪ್ರತಿಕಾಯದ ಪರೀಕ್ಷೆ ನೆಗೆಟಿವ್ ಬಂತು. ಔಷಧಗಳ ಅಡ್ಡಪರಿಣಾಮಗಳನ್ನು ದಾಖಲಿಸುವ ಭಾರತದ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮಕ್ಕೆ ವರದಿ ಕಳಿಸಿದೆವು, ಕ್ರೀಮಿನಿಂದ ಆದ ಮುಖದ ತೊಂದರೆಗೆ ಬೇರೆ ವರದಿ. ಗಾಜಿಯಾಬಾದಿನ ಇಂಡಿಯನ್ ಫಾರ್ಮಕೊಪಿಯಾ ಕಮಿಷನ್ ಇದರ ರಾಷ್ಟ್ರೀಯ ಕೇಂದ್ರ. ಅಡ್ಡಪರಿಣಾಮದ ಅನುಮಾನವಿದ್ದರೆ ಸಾಕು, ಸಾಬೀತಾಗಬೇಕಿಲ್ಲ. ರೋಗಿ ಅಥವಾ ಮನೆಯವರೇ 1800-180-3024ಕ್ಕೆ ಉಚಿತವಾಗಿ ಕರೆ ಮಾಡಿ ತಿಳಿಸಬಹುದು. ಮಾತ್ರೆಯನ್ನು ತಾವೇ ನಿಲ್ಲಿಸುವ ಮೊದಲು ಮಾಡಬಹುದಾದ ಕೆಲಸ ಇದು, ಇದರಿಂದ ಮುಂದಿನ ರೋಗಿಗೂ ಉಪಯೋಗವಿದೆ.

ಈ ಪ್ರಕರಣದ ನಂತರ ನಮ್ಮಲ್ಲಿ ಮೆಟ್‌ಫಾರ್ಮಿನ್ ನಾಲ್ಕು ವರ್ಷ ದಾಟಿದವರ ಕಡತದ ಮೇಲೆ ಬಿ12 ಎಂದು ಬರೆದಿಡುತ್ತೇವೆ. ಜೊತೆಗೆ ಗ್ಯಾಸ್ಟ್ರಿಕ್ ಮಾತ್ರೆಯೂ ಇದ್ದರೆ, ಅಥವಾ ಹಾಲನ್ನೂ ಬಿಟ್ಟಿದ್ದರೆ, ನಾಲ್ಕು ವರ್ಷ ಕಾಯುವುದಿಲ್ಲ. ನರ್ಸ್ ಸಿಸ್ಟರ್ ಬಿಪಿ ನೋಡುವಾಗಲೇ ಅಂಗೈ ತಿರುಗಿಸಿ ಗೆರೆ ನೋಡುತ್ತಾರೆ. ಈ ತಾಯಿಗೆ ಈಗ ದಿನಕ್ಕೊಂದು ಬಿ12 ಮಾತ್ರೆ, ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಬೆಳಿಗ್ಗೆ ಒಂದು ಲೋಟ ಕೆನೆ ತೆಗೆದ ಹಾಲು, ಮಧ್ಯಾಹ್ನ ಒಂದು ಬಟ್ಟಲು ಮೊಸರು. ಹೊಟ್ಟೆ ಉರಿ ಬಂದರೆ ಮಾತ್ರ ಗ್ಯಾಸ್ಟ್ರಿಕ್ ಮಾತ್ರೆ, ಅದೂ ಕೇಳಿಕೊಂಡು. ಮುಖದ ಕೆಂಪು ಪೂರ್ತಿ ಇಳಿಯದ ಕಾರಣ ಚರ್ಮರೋಗ ತಜ್ಞರ ಬಳಿ ಹೋಗುವುದು ಇನ್ನೂ ನಡೆದಿದೆ.